ಅಪ್‌ಡೇಟ್: ಎಂಆರ್‌ಐನಲ್ಲಿ ಗಡ್ಡೆಯ ಪಿಎಚ್ ಅಳೆಯುವ ಬಗ್ಗೆ

ಗಡ್ಡೆಯೊಳಗೆ ಕಾಂಟ್ರಾಸ್ಟ್ ದ್ರವ (ಸ್ಕ್ಯಾನ್ ಸ್ಪಷ್ಟವಾಗಲೆಂದು ದೇಹಕ್ಕೆ ಕೊಡುವ ದ್ರವ) ಎಷ್ಟು ಸೇರಿದೆ ಎಂದೇ ಗೊತ್ತಿಲ್ಲದಿದ್ದರೆ ಎಂಆರ್‌ಐನಿಂದ ಪಿಎಚ್ (ಆಮ್ಲೀಯತೆಯ ಅಳತೆ) ಹೇಗೆ ಹೇಳುತ್ತಾರೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. "ಐಯೋಪಮಿಡಾಲ್ ಬಗ್ಗೆ ಓದಿ" ಎಂದವರ ಸಲಹೆಯೇ ದಾರಿ ತೋರಿಸಿತು.

ಸಿಟಿ ಸ್ಕ್ಯಾನ್‌ಗೆ ದಶಕಗಳಿಂದ ಬಳಸುತ್ತಿರುವ ಅಯೋಡಿನ್ ದ್ರವವಿದು. ಇದರ ಅಣುವಿನಲ್ಲಿ ಎರಡು ಬಗೆಯ ಅಮೈಡ್ ಪ್ರೋಟಾನ್‌ಗಳಿವೆ (ಸಾರಜನಕಕ್ಕೆ ಅಂಟಿದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು). ಆವರ್ತನದ ಅಳತೆಯಲ್ಲಿ ನೀರಿನ ಸಂಕೇತದಿಂದ ಸುಮಾರು 4.2 ಮತ್ತು 5.6 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕ) ದೂರದಲ್ಲಿ ಕಾಣುತ್ತವೆ. ಅದೇ ಆವರ್ತನದ ರೇಡಿಯೊ ತರಂಗದಿಂದ ಅವುಗಳ ಸಂಕೇತ ಅಳಿಸಿದರೆ, ಅವು ನೀರಿನ ಪ್ರೋಟಾನ್‌ಗಳೊಂದಿಗೆ ಜಾಗ ಬದಲಿಸಿಕೊಳ್ಳುತ್ತಾ ನೀರಿನ ಸಂಕೇತವನ್ನೂ ಕುಗ್ಗಿಸುತ್ತವೆ. ಈ ವಿನಿಮಯದ ವೇಗ ಪಿಎಚ್‌ಗೆ ತಕ್ಕಂತೆ ಬದಲಾಗುತ್ತದೆ, ಅದೂ ಎರಡು ಬಗೆಗೆ ಬೇರೆ ಬೇರೆ ರೀತಿಯಲ್ಲಿ. ಹಾಗಾಗಿ ಎರಡೂ ಬಗೆ ನೀರಿನ ಸಂಕೇತವನ್ನು ಕುಗ್ಗಿಸುವ ಪ್ರಮಾಣದ ಅನುಪಾತ ತೆಗೆದರೆ ದ್ರವದ ಸಾಂದ್ರತೆಯ ಪ್ರಭಾವ ಬಹುಮಟ್ಟಿಗೆ ಕಳೆದು ಪಿಎಚ್ ಉಳಿಯುತ್ತದೆ. ಎಷ್ಟು ಚೆಂದದ ಉಪಾಯ!

ಸಿಗುವುದು ಜೀವಕೋಶದ ಹೊರಗಿನ ಪಿಎಚ್ ಮಾತ್ರ: ಆರೋಗ್ಯವಂತ ಅಂಗಾಂಶದಲ್ಲಿ 7.4ರ ಆಸುಪಾಸು, ಅನೇಕ ಗಡ್ಡೆಗಳಲ್ಲಿ 7ಕ್ಕಿಂತ ಕಡಿಮೆ.

ಉಳಿದಿರುವ ತೊಡಕು 3 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಎಂಆರ್‌ಐ ಯಂತ್ರಗಳದ್ದು. ಅಲ್ಲಿ ಆ ಎರಡು ಸಂಕೇತಗಳು ಒಂದರ ಮೇಲೊಂದು ಬೀಳುತ್ತವೆ. ಅವನ್ನು ಬೇರ್ಪಡಿಸಿ ಲೆಕ್ಕ ಹಾಕಿದ ಅನುಭವ ಇದ್ದವರು ದಯವಿಟ್ಟು ಬರೆಯಿರಿ.