ಕೆಲಸ ಬಿಟ್ಟು ಪಂಪ್‌ಸೆಟ್ ಅಂಗಡಿ ಇಡಬಹುದೇ?

ಪ್ರಶ್ನೆ: ಮೇಡಂ, ದಾವಣಗೆರೆಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತೇನೆ. ಕೈಗೆ 24,000 ರೂಪಾಯಿ ಬರುತ್ತದೆ, ಪಿಎಫ್ ಇದೆ. ಪಿ.ಬಿ. ರಸ್ತೆಯ ಕಡೆ 9,000 ರೂಪಾಯಿ ಬಾಡಿಗೆಗೆ ಮಳಿಗೆ ಸಿಕ್ಕಿದೆ. 5 ಲಕ್ಷ ಮುದ್ರಾ ಸಾಲ ಪಡೆದು ಪಂಪ್‌ಸೆಟ್, ಪೈಪ್ ಅಂಗಡಿ ಇಡುವ ಆಸೆ. ತಿಂಗಳಿಗೆ 3 ಲಕ್ಷ ವ್ಯಾಪಾರ, ಶೇ 12 ಲಾಭ ಎಂದರೂ 36,000 ಆಗುತ್ತದೆ. ರಾಜೀನಾಮೆ ಕೊಡಲೇ?

ಉತ್ತರ (ತೆರಿಗೆ ಸಲಹೆಗಾರರು): ಊರವರ ಲೆಕ್ಕ ಬರೆಯುವವರು ನಿಮ್ಮದರಲ್ಲಿ ಖರ್ಚನ್ನೇ ಬರೆದಿಲ್ಲವಲ್ಲ! ಬಾಡಿಗೆ 9,000, ಸಾಮಾನು ಎತ್ತಿಡುವ ಹುಡುಗನಿಗೆ ಕಡಿಮೆ ಎಂದರೂ 10,000, ಕರೆಂಟು, ಹಮಾಲಿ, ಚಹಾ ಎಂದು 3,000 ಕಳೆಯಿರಿ. ಉಳಿಯುವುದು 14,000. ಮುದ್ರಾ ಸಾಲಕ್ಕೆ ಅಡಮಾನ ಬೇಡ, ನಿಜ. ಆದರೆ ಐದು ವರ್ಷದ ಅವಧಿಗೆ ಕಂತೇ 10,000 ದಾಟುತ್ತದೆ. ಮನೆಗೆ ಏನು ಒಯ್ಯುತ್ತೀರಿ? ಪಿಎಫ್‌ಗೆ ಮಾಲೀಕರು ಹಾಕುವ ಶೇ 12ರ ಪಾಲೂ ನಿಂತುಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಉದ್ರಿ. ನಮ್ಮ ಕಡೆ ರೈತರು ಪಂಪು ಕೊಳ್ಳುವುದು ಬೆಳೆ ಒಣಗುವಾಗ, ಹಣ ಕೊಡುವುದು ಭತ್ತವೋ ಅಡಿಕೆಯೋ ಮಾರಿದ ಮೇಲೆ. ಸಗಟು ವ್ಯಾಪಾರಿ ಸುಗ್ಗಿಯವರೆಗೆ ಕಾಯುವುದಿಲ್ಲ. 2023ರ ಬರದಲ್ಲಿ ಭದ್ರಾ ನಾಲೆ ನೀರಿಗಾಗಿ ರೈತರು ಬೀದಿಗಿಳಿದಿದ್ದರು. ಅಂಥ ವರ್ಷ ಉದ್ರಿ ಪುಸ್ತಕ ಹಿಡಿದು ಯಾರ ಮನೆಗೆ ಹೋಗುತ್ತೀರಿ? ಪುಸ್ತಕದಲ್ಲಿ ಲಾಭ ಇರುತ್ತದೆ, ಗಲ್ಲಾ ಖಾಲಿ. ಸಂಬಳದವರಿಗೆ ಈ ಸಂಕಟ ಗೊತ್ತೇ ಇಲ್ಲ.

ಜಿಎಸ್‌ಟಿ ಬಗ್ಗೆ ಚಿಕ್ಕ ಮಾತು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮ ಅಂದಾಜೇ 36 ಲಕ್ಷ, ವ್ಯಾಪಾರ ಸ್ವಲ್ಪ ಹೆಚ್ಚಿದರೂ ಮಿತಿ ದಾಟುತ್ತೀರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೂ ನೋಟಿಸ್ ಕಳಿಸಿತ್ತು. ಅಂಗಡಿಯ ಬ್ಯಾಂಕ್ ಖಾತೆ ಬೇರೆಯೇ ಇರಲಿ.

ಇನ್ನೊಬ್ಬ ಸದಸ್ಯರು: ಮೇಡಂ, ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿದರೆ, ಕೊಂಡವರು 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನು ಇದೆಯಲ್ಲವೇ?

ಉತ್ತರ: ಅದು ತಯಾರಕರಿಗೆ, ಸೇವೆ ಕೊಡುವವರಿಗೆ. ಕೊಂಡು ಮಾರುವವರಿಗೆ ಆ ನೋಂದಣಿಯಿಂದ ಸಿಗುವುದು ಆದ್ಯತಾ ವಲಯದ ಸಾಲದ, ಅಂದರೆ ಬ್ಯಾಂಕುಗಳು ಕೆಲವು ವರ್ಗದವರಿಗೆಂದೇ ಮೀಸಲಿಡಬೇಕಾದ ಸಾಲದ ಅನುಕೂಲ ಮಾತ್ರ. ಕಾನೂನು ಇದ್ದರೂ ಸೋದರಮಾವನ ಊರಿನವರ ಮೇಲೆ ದಾವೆ ಹೂಡುತ್ತೀರಾ?

ಪ್ರಶ್ನೆ ಕೇಳಿದವರು: ಹಾಗಾದರೆ ಆಸೆ ಬಿಡಬೇಕೇ ಮೇಡಂ?

ಉತ್ತರ: ಬಿಡಬೇಡಿ, ರಾಜೀನಾಮೆಯನ್ನು ಮಾತ್ರ ಈಗ ಕೊಡಬೇಡಿ. ಮನೆಯಲ್ಲಿ ಹಗಲು ಕೂರುವವರಿದ್ದರೆ ಚಿಕ್ಕ ಮಳಿಗೆ ಹಿಡಿದು ಸ್ಟಾರ್ಟರ್, ಕೇಬಲ್, ವಾಲ್ವ್, ಪೈಪು ಅಂಟಿಸುವ ಸೊಲ್ಯೂಷನ್ ಇಡಿ. ಸಣ್ಣ ಸಾಮಾನಿಗೆ ಉದ್ರಿ ಕೇಳುವವರು ಕಡಿಮೆ. ಒಂದು ಮುಂಗಾರು, ಒಂದು ಬೇಸಿಗೆ ಬೆಳೆ ಕಳೆಯಲಿ. ಆ ಲೆಕ್ಕ ತಂದು ತೋರಿಸಿ, ಪಂಪಿನ ಮಾತು ಆಗ ಆಡೋಣ.