ಫಡ್ಜ್ ‘ಹರಳುಗಟ್ಟುವುದೋ’, ‘ಹೆಪ್ಪುಗಟ್ಟುವುದೋ’, ‘ಹೆರೆಯುವುದೋ’?

ಮಾನ್ಯರೇ,

ಮನೆಯಲ್ಲಿ ಸುಲಭವಾಗಿ ಫಡ್ಜ್ ಎಂಬ ಮೆತ್ತನೆಯ ಸಿಹಿತಿನಿಸನ್ನು ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಸಾಮಗ್ರಿಗಳ ಪಟ್ಟಿ ಸಲೀಸಾಗಿ ಮುಗಿಯಿತು, ಆದರೆ ಕ್ರಿಯಾಪದಗಳು ಕಾಡಿದವು. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಇಂಗ್ಲಿಷಿನಲ್ಲಿ ‘ಫಡ್ಜ್’ ಎಂದರೆ ಮೊದಲು ಹೇಗೋ ಹೊಂದಿಸಿ ತೇಪೆ ಹಾಕುವುದು ಎಂದೇ ಅರ್ಥವಿತ್ತು. ಸಿಹಿತಿನಿಸಿನ ಅರ್ಥ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಸೇರಿಕೊಂಡಿತು. ಅಲ್ಲಿಯೇ ಅಂಟಿಕೊಂಡ ಹೆಸರಿಗೆ ನಾವು ಹೊಸ ಪದ ಹೊಸೆಯುವ ಅಗತ್ಯ ನನಗೆ ಕಾಣುವುದಿಲ್ಲ.

ತೊಡಕಿರುವುದು ‘ಸೆಟ್ ಆಗುವುದು’, ಅಂದರೆ ಮಿಶ್ರಣ ತಣಿದು ಗಟ್ಟಿಯಾಗುವುದು, ಎಂಬ ಮಾತಿನಲ್ಲಿ. ಹಳೆಯ ಕ್ರಮದಲ್ಲಿ ಸಕ್ಕರೆ, ಹಾಲು, ಬೆಣ್ಣೆಗಳನ್ನು ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 45 ಡಿಗ್ರಿಯ ಆಸುಪಾಸಿಗೆ ಇಳಿಯುವ ತನಕ ಅಲುಗಿಸದೆ ಬಿಟ್ಟು, ಆಮೇಲೆ ಹೊಳಪು ಮಾಸುವವರೆಗೆ ಬಿಡದೆ ತೊಳಸಬೇಕು. (‘ಬೀಟ್’ ಎಂಬುದನ್ನು ‘ಹೊಡೆಯಿರಿ’ ಎಂದು ಬರೆಯುವವರಿದ್ದಾರೆ, ಪಾಕ ಪಾಪ ಏನು ತಪ್ಪು ಮಾಡಿತ್ತೋ! ‘ತೊಳಸು’ ಇರುವಾಗ ಆ ಚಿಂತೆಯೇ ಬೇಡ.) ಇಲ್ಲಿ ಮಿಶ್ರಣ ಗಟ್ಟಿಯಾಗುವುದು ಸಕ್ಕರೆಯು ಅತಿ ಸಣ್ಣ ಹರಳುಗಳಾಗಿ ಕೂಡಿಕೊಳ್ಳುವುದರಿಂದ. ಆದ್ದರಿಂದ ಶಾಸ್ತ್ರದ ದೃಷ್ಟಿಯಲ್ಲಿ ‘ಹರಳುಗಟ್ಟು’ ಸರಿಯಾದ ಮಾತೇ. ಆದರೆ ಹರಳು ಎಂದೊಡನೆ ನಮಗೆ ನೆನಪಾಗುವುದು ಉಂಗುರದ ಹರಳು, ಹರಳುಪ್ಪು. ಎರಡೂ ಕಣ್ಣಿಗೆ ಕಾಣುವಂಥವು. ಒಳ್ಳೆಯ ಫಡ್ಜ್‌ನ ಹರಳಾದರೋ ನಾಲಗೆಗೂ ಸಿಕ್ಕಬಾರದು. ಹೀಗಾಗಿ ‘ಹರಳುಗಟ್ಟಲು ಬಿಡಿ’ ಎಂದು ಬರೆದರೆ ಓದುಗರು ಅದನ್ನೇ ಕೆಟ್ಟದ್ದೆಂದು ತಿಳಿದಾರು. ಬಿಸಿಯಿರುವಾಗಲೇ ಕಲಕಿದರೆ ಬರುವ ದೋಷಕ್ಕೆ ‘ಮರಳುಮರಳಾಗು’ ಎಂಬ ಮಾತನ್ನು ಮೀಸಲಿಟ್ಟರೆ ಗೊಂದಲ ಸ್ವಲ್ಪ ಕಡಿಮೆಯಾಗಬಹುದು.

ನಾನು ಬರೆಯುತ್ತಿರುವ ಸುಲಭ ಕ್ರಮವೇ ಬೇರೆ. ಸುಮಾರು 400 ಗ್ರಾಂ ಕಂಡೆನ್ಸ್ಡ್ ಹಾಲಿಗೆ ಅಷ್ಟೇ ತೂಕದ ಕಪ್ಪು ಚಾಕೊಲೇಟನ್ನು ಸಣ್ಣಗೆ ತುರಿದು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ, ತಟ್ಟೆಗೆ ಸುರಿದು ಕೆಲವು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಆಯಿತು. ಇಲ್ಲಿ ಪಾಕದ ಹದ ನೋಡುವ ಕೆಲಸವೂ ಇಲ್ಲ, ತೊಳಸಿ ಸಕ್ಕರೆಯ ಹರಳು ಕಟ್ಟಿಸುವುದೂ ಇಲ್ಲ. ತಣಿದಂತೆ ಗಟ್ಟಿಯಾಗುವುದು ಮುಖ್ಯವಾಗಿ ಕೋಕೋದ ಕೊಬ್ಬು. ಇದಕ್ಕೆ ‘ಹೆಪ್ಪುಗಟ್ಟು’ ಎನ್ನೋಣವೆಂದರೆ, ಹೆಪ್ಪು ಹಾಲಿಗೆ ಹಾಕುವ ವಸ್ತು, ಇಲ್ಲಿಯೂ ಹಾಲಿದೆ. ಒಡೆದು ಮೊಸರಾಯಿತೇ ಎಂದು ಯಾರಾದರೂ ಕೇಳಿದರೆ ತಪ್ಪೆನ್ನಲಾಗದು. ರಕ್ತ ಹೆಪ್ಪುಗಟ್ಟಿತು ಎಂಬ ಬಳಕೆ ರೂಢಿಯಲ್ಲಿರುವುದರಿಂದ ತಿನಿಸಿನ ಮಾತಿಗೆ ಅದು ಅಷ್ಟು ರುಚಿಸುವುದೂ ಇಲ್ಲ.

ಆಗ ಹೊಳೆದದ್ದು ‘ಹೆರೆ’. ಹೆರೆದುಪ್ಪ ಎಂಬ ಹಳೆಯ ಮಾತಿನಲ್ಲಿರುವುದು ಇದೇ. ಕಾಯಿಸಿದಾಗ ನೀರಾಗಿದ್ದ ತುಪ್ಪ ತಣ್ಣಗಾಗಿ ಗಟ್ಟಿಯಾಗುವುದನ್ನು ‘ತುಪ್ಪ ಹೆರೆತಿದೆ’ ಎನ್ನುತ್ತೇವೆ. ಕೊಬ್ಬು ತಣಿದು ಗಟ್ಟಿಯಾಗುವುದಕ್ಕೆ ಇದಕ್ಕಿಂತ ಕರಾರುವಾಕ್ಕಾದ ಕ್ರಿಯಾಪದ ನನಗೆ ತೋಚುತ್ತಿಲ್ಲ. ಆದರೆ ತುರಿಯುವುದಕ್ಕೂ ‘ಹೆರೆ’ ಎನ್ನುವುದುಂಟು. ಹೆರೆಮಣೆ ಅದರಿಂದಲೇ ಬಂದದ್ದು. ‘ಚಾಕೊಲೇಟನ್ನು ಹೆರೆದು ಹಾಕಿ, ಮಿಶ್ರಣ ಹೆರೆಯಲು ಬಿಡಿ’ ಎಂದು ಬರೆದರೆ ಓದುಗರು ತುರಿಮಣೆಯನ್ನು ಎರಡನೆಯ ಸಲ ಕೈಗೆತ್ತಿಕೊಂಡಾರು! ಭೂತಕಾಲದಲ್ಲಿ ‘ಹೆರೆದ’, ‘ಹೆರೆತ’ ಎಂಬ ಭೇದ ನನ್ನ ಕಿವಿಗೆ ಸ್ಪಷ್ಟವಾಗಿಯೇ ಕೇಳುತ್ತದೆ, ಆದರೆ ‘ಹೆರೆಯಲು’ ಎಂಬ ರೂಪದಲ್ಲಿ ಆ ಭೇದ ಅಳಿಸಿಹೋಗುತ್ತದೆ. ಸದ್ಯಕ್ಕೆ ನಾನು ಮೊದಲಿನದನ್ನು ‘ತುರಿ’ಗೆ ಬಿಟ್ಟುಕೊಟ್ಟು, ಎರಡನೆಯದಕ್ಕೆ ‘ಹೆರೆತುಕೊಳ್ಳುವ ತನಕ ಇಡಿ’ ಎಂದು ಬರೆದಿದ್ದೇನೆ.

ಕೊಬ್ಬು ಗಟ್ಟಿಯಾಗುವ ಅರ್ಥದಲ್ಲಿ ‘ಹೆರೆ’ ನಿಮ್ಮ ಕಡೆಯ ಮಾತಿನಲ್ಲಿ ಇಂದಿಗೂ ಬಳಕೆಯಲ್ಲಿದೆಯೇ, ಇದ್ದರೆ ತುಪ್ಪವನ್ನು ಬಿಟ್ಟು ಬೇರೆ ವಸ್ತುವಿಗೂ ಅದನ್ನು ಹೇಳುತ್ತೀರಾ, ಮತ್ತು ‘ಹೆರೆತುಕೊಳ್ಳು’ ಎಂಬ ರೂಪ ನಿಮಗೆ ಸಹಜವಾಗಿ ಕೇಳುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.