ಕೋಳಿಮರಿಗಳ ಹಿಂಭಾಗಕ್ಕೆ ಹಿಕ್ಕೆ ಅಂಟಿದರೆ: ಪಶುವೈದ್ಯರಿಗೆ ಪ್ರಶ್ನೆ

ಜಮಖಂಡಿಯಿಂದ: ನಮಸ್ಕಾರ ಡಾಕ್ಟರ್ ಸಾಹೇಬರೇ. ಮೂರು ದಿನದ ಗಿರಿರಾಜ ತಳಿಯ ಮರಿಗಳು. ಕೆಲವಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿ ದ್ವಾರವೇ ಮುಚ್ಚಿದೆ. ಏನು ಮಾಡಲಿ?

ಡಾಕ್ಟರ್: ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಅದರ ಮೇಲೆ ಒತ್ತಿ ಹಿಡಿಯಿರಿ. ಮೆತ್ತಗಾದ ಮೇಲೆ ತಾನಾಗಿ ಜಾರುತ್ತದೆ. ಒಣಗಿದ್ದನ್ನು ಕಿತ್ತರೆ ತುಪ್ಪಳದ ಜೊತೆ ಚರ್ಮವೂ ಬರುತ್ತದೆ. ಮೈ ಪೂರ್ತಿ ಒಣಗಿಸಿ ಬಿಡಿ. ರಕ್ತ ಕಂಡರೆ ಬೇರೆ ಇಡಿ, ಉಳಿದವು ಕುಕ್ಕುತ್ತವೆ. ಕಾವು ಕೊಡುವ ಬಲ್ಬ್ ಎಷ್ಟು ಎತ್ತರದಲ್ಲಿದೆ?

ಜಮಖಂಡಿಯಿಂದ: ಒಂದು ಗೇಣು. ಹಗಲೂ ರಾತ್ರಿ ಉರಿಯುತ್ತದೆ.

ಡಾಕ್ಟರ್: ಈ ಏಪ್ರಿಲ್‌ನಲ್ಲಿ! ಮೊದಲ ವಾರ ಮರಿಗೆ ಬೇಕಾದದ್ದು ಸುಮಾರು 35 ಡಿಗ್ರಿ. ನಮ್ಮ ಕಡೆ ಮಧ್ಯಾಹ್ನದ ಬಿಸಿಲೇ 40 ದಾಟುತ್ತದೆ. ಮರಿಗಳು ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಆರಿಸಿ, ಬಲ್ಬಿನಡಿ ಒತ್ತೊತ್ತಾಗಿ ನಿಂತರೆ ಹಚ್ಚಿ. ಸೆಕೆಗೂ ಹಿಕ್ಕೆ ಅಂಟುತ್ತದೆ, ಚಳಿಗೂ ಅಂಟುತ್ತದೆ.

ಮುಧೋಳದಿಂದ: ಫಾರ್ವರ್ಡ್ ಬಂದಿದೆ. ‘ಸೀಮೆಎಣ್ಣೆ ಹಚ್ಚಿ, ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕಿ, ಎಲ್ಲ ರೈತರಿಗೂ ಕಳಿಸಿ.’

ಡಾಕ್ಟರ್: ಯಾರಿಗೂ ಕಳಿಸಬೇಡಿ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಆ ಮಾತ್ರೆ ಕರುಳಿನ ಚಲನೆಯನ್ನೇ ತಗ್ಗಿಸುತ್ತದೆ. ದ್ವಾರ ಕಟ್ಟಿದ ಮರಿಗೆ ಅದನ್ನು ಕುಡಿಸುವವರು ಮರಿಯನ್ನು ಕೈಯಲ್ಲಿ ಹಿಡಿದೇ ಇಲ್ಲ.

ಸಿಂದಗಿಯಿಂದ: ನಾನು ನಿನ್ನೆ ಎಲ್ಲ ಮರಿಗಳನ್ನೂ ತಿರುವಿ ನೋಡಿದೆ. ಹೊಟ್ಟೆಯ ಕೆಳಗೆ ಕಪ್ಪನೆಯ ಒಣ ಹುರುಪೆ ಅಂಟಿತ್ತು. ಚಿಮಟದಿಂದ ಕಿತ್ತೆ. ಎರಡರಲ್ಲಿ ರಕ್ತ ಬಂತು. ಇವತ್ತು ಹೊಟ್ಟೆ ಉಬ್ಬಿದೆ.

ಡಾಕ್ಟರ್: ಇನ್ನು ಒಂದನ್ನೂ ಕೀಳಬೇಡಿ! ಅದು ಹಿಕ್ಕೆಯಲ್ಲ, ಹೊಕ್ಕುಳು. ಮರಿ ಹೊರಬರುವ ಮುನ್ನ ಮೊಟ್ಟೆಯ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರುತ್ತದೆ. ಮೊದಲ ಎರಡು ಮೂರು ದಿನಕ್ಕೆ ಅದೇ ಬುತ್ತಿ. ಹುರುಪೆ ಕಿತ್ತರೆ ಆ ಬುತ್ತಿಗೆ ಸೋಂಕು ತಗಲುತ್ತದೆ, ಹೊಟ್ಟೆ ಮೆತ್ತಗೆ ಉಬ್ಬುತ್ತದೆ, ನಾರುತ್ತದೆ. ಹಿಕ್ಕೆ ಅಂಟುವುದು ಬಾಲದ ಬುಡದಲ್ಲಿ. ಹೊಕ್ಕುಳು ಅದಕ್ಕಿಂತ ಕೆಳಗೆ, ಹೊಟ್ಟೆಯ ನಡುವೆ ಇರುತ್ತದೆ. ರಕ್ತ ಬಂದ ಆ ಎರಡು ಮರಿಗಳನ್ನು ಬೇರೆ ಮಾಡಿ, ಗಾಯಕ್ಕೆ ತೆಳುಗೊಳಿಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಒಣ ಕಾಗದದ ಮೇಲೆ ಬೆಚ್ಚಗಿಡಿ. ಹೊಟ್ಟೆಯನ್ನು ಅಮುಕಿ ನೋಡಬೇಡಿ. ಇವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಸೋಂಕು ಒಳಗೆ ಇಳಿದಿದ್ದರೆ ಉಳಿಯುವುದು ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ.

ಇಂಡಿಯಿಂದ: ಸರ್, ಮರಿಗೆ ಹಿಕ್ಕೆ ಅಂಟಿದೆ, ಏನು ಮಾಡಬೇಕು?

ಡಾಕ್ಟರ್: ಮೇಲೆ ಓದಿ.

ಬೈಲಹೊಂಗಲದಿಂದ: ಜವಾರಿ ಕೋಳಿಯನ್ನು ಕಾವಿಗೆ ಕೂರಿಸಿದರೆ ಇದೆಲ್ಲ ಬರುವುದೇ ಇಲ್ಲ. ಬಲ್ಬ್ ಹಚ್ಚಿದವರಿಗೇ ಈ ಗೋಳು.

ಅಥಣಿಯಿಂದ: ಐನೂರು ಮರಿಗೆ ಎಷ್ಟು ಕೋಳಿ ಕೂರಿಸಬೇಕು ಕಾಕಾ?

ಬೈಲಹೊಂಗಲದಿಂದ: ಐನೂರು ಸಾಕಿ ಎಂದು ನಿಮಗೆ ಹೇಳಿದವರು ಯಾರು? ಸಾಲ ಮಾಡಿ ಸಾಕುವುದು, ಆಮೇಲೆ ಇಲ್ಲಿ ಬಂದು ಅಳುವುದು.

ಅಥಣಿಯಿಂದ: ನಮ್ಮ ಸಾಲ ನಿಮ್ಮ ಮನೆಯಿಂದ ತಂದದ್ದಲ್ಲ.

ರಾಮದುರ್ಗದಿಂದ: ಗಿರಿರಾಜ ಮರಿ ಈಗ ಏನು ದರ?

ಬಾದಾಮಿಯಿಂದ: ಹತ್ತು ದಿನದ ಮರಿಗಳು. ಸುಣ್ಣದಂಥ ಬಿಳಿ ಹಿಕ್ಕೆ. ದಿನಾ ಸಾಯುತ್ತಿವೆ. ಬಿಸಿನೀರಿನಿಂದ ಒರೆಸಿದ್ದೇನೆ.

ಡಾಕ್ಟರ್: ಒರೆಸಿದರೆ ಇದು ಹೋಗುವುದಿಲ್ಲ. ಪುಲೋರಮ್ ಇರಬಹುದು. ತಾಯಿಕೋಳಿಯಿಂದ ಮೊಟ್ಟೆಯ ಮೂಲಕ ಬರುವ ರೋಗ. ಈಗಷ್ಟೇ ಸತ್ತ ಮರಿಯನ್ನು ಮಂಜುಗಡ್ಡೆಯಲ್ಲಿಟ್ಟು ಮರಣೋತ್ತರ ಪರೀಕ್ಷೆಗೆ ಒಯ್ಯಿರಿ. ಉಳಿದವನ್ನು ಮೊಟ್ಟೆಗಾಗಿ ಇಟ್ಟುಕೊಳ್ಳಬೇಡಿ, ಮಾರಲೂಬೇಡಿ.

ಬಾದಾಮಿಯಿಂದ: ಅಂಗಡಿಯವರು ಕೊಲಿಸ್ಟಿನ್ ಪುಡಿ ಕೊಟ್ಟಿದ್ದಾರೆ, ಹಾಕಲೇ?

ಡಾಕ್ಟರ್: ಅದು ಆಂಟಿಬಯಾಟಿಕ್. ಕೋಳಿಗೆ ಅದರ ಮಾರಾಟವನ್ನೇ 2019ರಲ್ಲಿ ನಿಷೇಧಿಸಲಾಗಿದೆ. ವಾಪಸ್ ಕೊಡಿ.

ಹುನಗುಂದದಿಂದ: ನಾಲ್ಕು ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ.

ಡಾಕ್ಟರ್: ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು. ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಸಿ. ಅದರ ಔಷಧ ಆಂಪ್ರೋಲಿಯಂ, ಪ್ರಮಾಣವನ್ನು ನಿಮ್ಮ ಪಶುವೈದ್ಯರಿಂದ ಬರೆಸಿಕೊಳ್ಳಿ.

ಬೈಲಹೊಂಗಲದಿಂದ: ನೋಡಿ, ಬಲ್ಬಿನ ಮರಿಗಳಿಗೇ ಇದು ಬರುವುದು.

ಡಾಕ್ಟರ್: ತಾಯಿಯ ಹಿಂದೆ ತಿರುಗುವ ಮರಿಗೂ ಬರುತ್ತದೆ. ಒದ್ದೆ ನೆಲ ಸಿಕ್ಕರೆ ಸಾಕು.

ಅಥಣಿಯಿಂದ: ಕೇಳಿಸಿತೇ ಕಾಕಾ?

ರಾಮದುರ್ಗದಿಂದ: ಮರಿಯ ದರ ಯಾರೂ ಹೇಳಲಿಲ್ಲ.

ಸಿಂದಗಿಯಿಂದ: ಆಸ್ಪತ್ರೆಗೆ ಹೊರಟಿದ್ದೇನೆ ಸರ್. ಹುರುಪೆ ಕಿತ್ತರೂ ರಕ್ತ ಬಾರದ ಮರಿಗಳನ್ನೂ ಒಯ್ಯಲೇ?

ಡಾಕ್ಟರ್: ಒಯ್ಯಿರಿ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಬಿಸಿಲಿನಲ್ಲಿ ಇಡಬೇಡಿ.